ಅಪ್ಪನ ಕ್ಷೇತ್ರದಲ್ಲಿ ನಿಲ್ಲುವ ಮೊದಲು, ಗೆದ್ದ ಮೇಲೆ

ರಾಜಕೀಯ ಮನೆಯ ಮಕ್ಕಳಿಗೆ ಟಿಕೆಟ್ ಸಲೀಸಾಗಿ ಸಿಗುತ್ತದೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅದೇನೂ ಸುಳ್ಳಲ್ಲ. ಟಿಕೆಟ್ಟಿನ ಬೆನ್ನಿಗೇ ಬರುವ ಪಿತ್ರಾರ್ಜಿತ ಸಾಲದ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅಪ್ಪ ಕೊಟ್ಟು ನಡೆಸಲಾಗದೆ ಹೋದ ಮಾತು, ಅಪ್ಪನ ಕಾಲದಲ್ಲಿ ಮೂಲೆಗೆ ಸರಿದ ಗುಂಪುಗಳ ಮುನಿಸು, ಅಪ್ಪನ ಹೆಸರು ಹೇಳಿ ಕಾಮಗಾರಿ ಹಿಡಿದವರ ಬಾಕಿ ಬಿಲ್ಲು, ಇಪ್ಪತ್ತು ವರ್ಷದಿಂದ ಜಗಲಿ ಬಿಟ್ಟು ಏಳದ ಹತ್ತು ಜನ. ಮೊದಲ ಅವಧಿಯ ಅರ್ಧ ಕೆಲಸ ಈ ಸಾಲದ ಪಟ್ಟಿ ಮಾಡುವುದು, ಅದರಲ್ಲಿ ತೀರಿಸಬೇಕಾದದ್ದು ಯಾವುದು, ತನಗೆ ಸೇರದ್ದು ಯಾವುದು ಎಂದು ಬೇರ್ಪಡಿಸುವುದು. ಕರ್ನಾಟಕ ವಿಧಾನಸಭೆಗೆ ಹೀಗೆ ಬರುವವರಿಗೂ ಅವರ ಆಪ್ತ ಸಹಾಯಕರಿಗೂ ಈ ಕೈಪಿಡಿ.

ಅಪ್ಪನ ಮತ ಎಲ್ಲಿದೆ, ಎಷ್ಟಿದೆ

ಕೆಲಸ ಶುರುವಾಗುವುದು ಫಾರಂ 20ರಿಂದ. ಎಣಿಕೆ ಮುಗಿದ ಮೇಲೆ ಚುನಾವಣಾಧಿಕಾರಿ ಬೂತ್‌ವಾರು ಮತ ತುಂಬಿ ಸಹಿ ಹಾಕುವ ಹಾಳೆ ಅದು. ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಸಿಗುತ್ತದೆ. ಹಿಂದಿನ ಮೂರು ವಿಧಾನಸಭಾ ಚುನಾವಣೆಯದ್ದನ್ನು ಇಳಿಸಿಕೊಂಡು ಒಂದೇ ಎಕ್ಸೆಲ್‌ಗೆ ತನ್ನಿ, ಸಾಲಿಗೊಂದು ಬೂತ್. ಬೂತ್‌ನ ಕ್ರಮಾಂಕವಾದ ಭಾಗ ಸಂಖ್ಯೆಯನ್ನೇ ನಂಬಿ ಹೊಂದಿಸಲು ಹೋದರೆ ಲೆಕ್ಕ ಕೆಡುತ್ತದೆ. ಮತದಾರರು ಹೆಚ್ಚಾದ ಕಡೆ ಬೂತ್ ಒಡೆಯುತ್ತಾರೆ, ಆಗ ಮುಂದಿನ ಸಂಖ್ಯೆಗಳೆಲ್ಲ ಜಾರುತ್ತವೆ. ಊರಿನ ಹೆಸರು, ಶಾಲೆಯ ಹೆಸರು ಇಟ್ಟುಕೊಂಡು ಹೊಂದಿಸಿ. ಮೂರೂ ಸಲ ಮುಂದಿದ್ದ ಬೂತ್‌ಗೆ ಒಂದು ಬಣ್ಣ, ಅತ್ತಿತ್ತ ತೂಗಿದ್ದಕ್ಕೆ ಒಂದು, ಮೂರೂ ಸಲ ಹಿಂದೆ ಬಿದ್ದದ್ದಕ್ಕೆ ಒಂದು. "ಆ ಹೋಬಳಿ ಪೂರ್ತಿ ನಮ್ಮದೇ" ಎಂದು ಅಪ್ಪನ ಆಪ್ತರು ಹೇಳಿದ್ದರಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಈ ಹಾಳೆ ನೋಡಿದ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

2008ಕ್ಕಿಂತ ಹಿಂದಿನ ಲೆಕ್ಕವನ್ನು ಈ ಹಾಳೆಗೆ ಸೇರಿಸಬೇಡಿ. ಆ ವರ್ಷ ಕ್ಷೇತ್ರಗಳ ಮರುವಿಂಗಡಣೆ ಜಾರಿಗೆ ಬಂದು ಹಲವು ಗಡಿಗಳು ಬದಲಾದವು, ಕೆಲವು ಕ್ಷೇತ್ರಗಳು ನಕಾಶೆಯಿಂದಲೇ ಹೋದವು. ಕೋಲಾರದ ವೇಮಗಲ್ ಹಾಗೆ ಹೋದ ಕ್ಷೇತ್ರ. ಸಿ. ಬೈರೇಗೌಡರು ತೀರಿಕೊಂಡ ಮೇಲೆ 2003ರ ಉಪಚುನಾವಣೆಯಲ್ಲಿ ಅಲ್ಲಿಂದ ಗೆದ್ದ ಕೃಷ್ಣ ಬೈರೇಗೌಡರು 2008ರಲ್ಲಿ ಬೆಂಗಳೂರಿನ ಬ್ಯಾಟರಾಯನಪುರಕ್ಕೆ ಬಂದು ಹೊಸದಾಗಿ ನೆಲೆ ಕಟ್ಟಿಕೊಂಡರು. ಗುರುಮಠಕಲ್ ಮೀಸಲು ಪಟ್ಟಿಯಿಂದ ಹೊರಬಿದ್ದಾಗ ಅಲ್ಲಿ 1972ರಿಂದ ಸತತವಾಗಿ ಗೆದ್ದಿದ್ದ ಮಲ್ಲಿಕಾರ್ಜುನ ಖರ್ಗೆಯವರೇ ಚಿತ್ತಾಪುರಕ್ಕೆ ಹೋಗಬೇಕಾಯಿತು. ಅಪ್ಪನ ಊರು, ಅಪ್ಪನ ಕ್ಷೇತ್ರ ಎಂಬ ಮಾತಿಗೆ ಕಾನೂನಿನಲ್ಲಿ ಯಾವ ನೆಲೆಯೂ ಇಲ್ಲ. ಮುಂದಿನ ಮರುವಿಂಗಡಣೆ ಬಂದಾಗಲೂ ಇದೇ ಆಗುತ್ತದೆ.

ಅನುಕಂಪದ ಅಲೆಯನ್ನು ಎಷ್ಟು ನಂಬಬೇಕು ಎಂದು ಕೇಳುವವರಿಗೆ ಗುಂಡ್ಲುಪೇಟೆಯ ಲೆಕ್ಕ ತೋರಿಸುವುದು ಒಳ್ಳೆಯದು. ಸಚಿವ ಎಚ್.ಎಸ್. ಮಹದೇವಪ್ರಸಾದ್ 2017ರ ಜನವರಿಯಲ್ಲಿ ತೀರಿಕೊಂಡರು. ಏಪ್ರಿಲ್‌ನ ಉಪಚುನಾವಣೆಯಲ್ಲಿ ಪತ್ನಿ ಗೀತಾ ಮಹದೇವಪ್ರಸಾದ್ ಗೆದ್ದರು, ಸಚಿವರೂ ಆದರು. 2018ರಲ್ಲಿ ಸೋತರು. ಮಗ ಗಣೇಶ್ ಪ್ರಸಾದ್ ಅದೇ ಕ್ಷೇತ್ರವನ್ನು ಮರಳಿ ಗೆದ್ದದ್ದು 2023ರಲ್ಲಿ. ಮೇಲುಕೋಟೆಯಲ್ಲಿ ರೈತ ನಾಯಕ ಕೆ.ಎಸ್. ಪುಟ್ಟಣ್ಣಯ್ಯ ತೀರಿಕೊಂಡ ಕೆಲವೇ ತಿಂಗಳಿಗೆ ಬಂದ 2018ರ ಚುನಾವಣೆಯಲ್ಲಿ ಮಗ ದರ್ಶನ್ ಸೋತು, ಐದು ವರ್ಷ ಕಳೆದು 2023ರಲ್ಲಿ ಗೆದ್ದರು. ಪ್ರಿಯಾಂಕ್ ಖರ್ಗೆ ಕೂಡ ಚಿತ್ತಾಪುರದಲ್ಲಿ 2009ರ ಉಪಚುನಾವಣೆ ಸೋತು 2013ರಲ್ಲಿ ಗೆದ್ದವರು. ಮೊದಲ ಸೋಲಿಗೆ ಕ್ಷೇತ್ರ ಬಿಟ್ಟು ಬೆಂಗಳೂರಿಗೆ ಹೋಗಿ ಕೂತವರನ್ನು ಜನ ಎರಡನೇ ಸಲ ಕೇಳುವುದಿಲ್ಲ. ಸೋತ ಮಾರನೇ ದಿನವೇ ತಿಥಿ, ಬೀಗರೂಟ, ನಾಮಕರಣಕ್ಕೆ ಹೋಗುವವರನ್ನು ಕೇಳುತ್ತಾರೆ.

ಅಪ್ಪನ ಕ್ಷೇತ್ರದಲ್ಲೇ ನಿಲ್ಲಬೇಕೆಂಬ ಹಠವೂ ಬೇಡ. ಆರ್. ಗುಂಡೂರಾಯರು ಸೋಮವಾರಪೇಟೆಯಿಂದ ಬಂದು ಮುಖ್ಯಮಂತ್ರಿಯಾದವರು. ಮಗ ದಿನೇಶ್ ಗುಂಡೂರಾವ್ 1999ರಿಂದ ಗೆಲ್ಲುತ್ತ ಬಂದಿರುವುದು ಬೆಂಗಳೂರಿನ ಗಾಂಧಿನಗರದಿಂದ. ಹೆಸರಿನ ಪರಿಚಯ ಅಲ್ಲಿಯೂ ಸಿಕ್ಕಿತು, ಕೊಡಗಿನ ಹಳೆಯ ಜಗಳಗಳು ಮಾತ್ರ ಅಲ್ಲಿಗೆ ಬರಲಿಲ್ಲ.

ಮನೆಯಲ್ಲಿ ಇಬ್ಬರು ಆಕಾಂಕ್ಷಿಗಳಿದ್ದರೆ

ಇದಕ್ಕೆ ಸೊರಬಕ್ಕಿಂತ ದೊಡ್ಡ ಪಾಠ ಈ ರಾಜ್ಯದಲ್ಲಿ ಇಲ್ಲ. ಎಸ್. ಬಂಗಾರಪ್ಪ 1967ರಿಂದ 1994ರವರೆಗೆ ಅಲ್ಲಿ ಏಳು ಸಲ ಗೆದ್ದರು. 1996ರ ಉಪಚುನಾವಣೆಯಲ್ಲಿ ಹಿರಿಯ ಮಗ ಕುಮಾರ್ ಬಂದರು. 2004ರಲ್ಲಿ ಅಣ್ಣ ಕಾಂಗ್ರೆಸ್, ತಮ್ಮ ಮಧು ಬಿಜೆಪಿ, ಗೆದ್ದದ್ದು ಅಣ್ಣ. 2008ರಲ್ಲಿ ಇಬ್ಬರೂ ನಿಂತು ಇಬ್ಬರೂ ಸೋತು ಹರತಾಳು ಹಾಲಪ್ಪ ಗೆದ್ದರು. 2013ರಲ್ಲಿ ಮಧು ಜೆಡಿಎಸ್‌ನಿಂದ, 2018ರಲ್ಲಿ ಕುಮಾರ್ ಬಿಜೆಪಿಯಿಂದ, 2023ರಲ್ಲಿ ಮಧು ಕಾಂಗ್ರೆಸ್‌ನಿಂದ. ಪಕ್ಷದ ಚಿಹ್ನೆ ಬದಲಾಗುತ್ತಲೇ ಇತ್ತು, ಮನೆಯ ಹೆಸರಿನ ಮತ ಎರಡು ಹೋಳಾಗುತ್ತಲೇ ಇತ್ತು. 2008ರಲ್ಲಾದದ್ದು ಆ ಎರಡು ಹೋಳಿನ ನೇರ ಫಲ.

ಆದ್ದರಿಂದ ಟಿಕೆಟ್ ಕೇಳುವ ಒಂದು ವರ್ಷ ಮೊದಲೇ ಮನೆಯೊಳಗೆ ಇತ್ಯರ್ಥ ಮಾಡಿಕೊಳ್ಳಿ. ಒಬ್ಬರು ವಿಧಾನಸಭೆ, ಇನ್ನೊಬ್ಬರು ಪರಿಷತ್ತು ಅಥವಾ ಡಿಸಿಸಿ ಬ್ಯಾಂಕ್, ಹಾಲು ಒಕ್ಕೂಟ. ಹೀಗೆ ಹಂಚಿಕೊಂಡ ಮನೆಗಳು ಉಳಿದಿವೆ. ಬಾಯಿಮಾತಿನ ಒಪ್ಪಂದ ಪಕ್ಷದ ಅಧಿಕೃತ ಅಭ್ಯರ್ಥಿ ಯಾರೆಂದು ಹೇಳುವ ಬಿ ಫಾರಂ ಬರುವ ದಿನ ಮುರಿಯುತ್ತದೆ, ಹಾಗಾಗಿ ಮಾತು ಆಡುವಾಗ ತಾಲ್ಲೂಕಿನ ಮೂರ್ನಾಲ್ಕು ಹಿರಿಯರು ಎದುರಿಗಿರಲಿ. ಸೊಸೆ ಅಥವಾ ಮಗಳನ್ನು ಈ ಮಾತುಕತೆಯಿಂದ ಹೊರಗಿಟ್ಟು ಆಮೇಲೆ ಮಹಿಳಾ ಮೀಸಲಾತಿ ಬಂದಾಗ ಕರೆತರುವ ಚಾಳಿ ಬೇರೆ ಇದೆ. ಅದರ ಬೆಲೆ ಐದಾರು ವರ್ಷದ ಪರಿಚಯದ ನಷ್ಟ.

ನಾಮಪತ್ರದ ಕಾಗದಗಳು

ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ಒಂದು ಕ್ಷೇತ್ರದಲ್ಲಿ ಮತದಾರರಾಗಿರಬೇಕು. ಓದಲು ಬೆಂಗಳೂರಿಗೆ ಹೋಗಿ ಅಲ್ಲೇ ಹೆಸರು ಸೇರಿಸಿಕೊಂಡ ಮಕ್ಕಳು ಆ ಮತದಾರರ ಪಟ್ಟಿಯ ದೃಢೀಕೃತ ಪ್ರತಿಯನ್ನು ನಾಮಪತ್ರದ ಜೊತೆ ಇಡಲು ಮರೆಯುತ್ತಾರೆ. ಫಾರಂ 2ಬಿಯಲ್ಲಿ ನಾಮಪತ್ರ, ಒಬ್ಬರು ನಾಲ್ಕರವರೆಗೆ ಸಲ್ಲಿಸಬಹುದು. ನಾಲ್ಕನ್ನೂ ಬೇರೆ ಬೇರೆ ಸೂಚಕರಿಂದ, ಅಂದರೆ ನಿಮ್ಮ ಹೆಸರು ಸೂಚಿಸಿ ಸಹಿ ಹಾಕುವ ಮತದಾರರಿಂದ, ಸಲ್ಲಿಸಿ, ಒಂದರಲ್ಲಿ ಕ್ರಮಸಂಖ್ಯೆ ತಪ್ಪಿದರೆ ಇನ್ನೊಂದು ಉಳಿಯುತ್ತದೆ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಹತ್ತು. ಠೇವಣಿ ₹10,000, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ₹5,000. ಎ ಮತ್ತು ಬಿ ಫಾರಂ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈಯಲ್ಲಿರಬೇಕು, ಶಾಯಿ ಸಹಿಯೊಂದಿಗೆ. ಜೆರಾಕ್ಸ್ ನಡೆಯುವುದಿಲ್ಲ.

ಮನೆತನದವರು ಎಡವುವುದು ಫಾರಂ 26ರ ಪ್ರಮಾಣಪತ್ರದಲ್ಲಿ. ಅಭ್ಯರ್ಥಿ, ಸಂಗಾತಿ, ಅವಿಭಕ್ತ ಕುಟುಂಬ, ಅವಲಂಬಿತರು ಎಂದು ಬೇರೆ ಬೇರೆ ಕಲಂ ಇವೆ. ಐದು ವರ್ಷದ ಆದಾಯ ತೆರಿಗೆ ವಿವರ, ಪ್ರತಿಯೊಬ್ಬರ ಆದಾಯದ ಮೂಲ, ಸಾಲ, ಸರ್ಕಾರಿ ಗುತ್ತಿಗೆ ಎಲ್ಲವೂ ಬೇಕು. ಅಜ್ಜನ ಹೆಸರಲ್ಲೇ ಉಳಿದಿರುವ ತೋಟ, ಪೌತಿ ಖಾತೆ ಆಗದ ಜಮೀನು, ಅಮ್ಮ ಪಾಲುದಾರಳಾಗಿರುವ ಪೆಟ್ರೋಲ್ ಬಂಕ್, ಹೆಂಡತಿಯ ತವರಿನ ನಿವೇಶನ, ಇವನ್ನು ಯಾರ ಕಲಂಗೆ ಹಾಕುವುದು ಎಂದು ಕೊನೆಯ ರಾತ್ರಿ ಚರ್ಚೆ ಮಾಡಿದರೆ ಏನೋ ಒಂದು ಬಿಟ್ಟುಹೋಗುತ್ತದೆ. ಆರು ತಿಂಗಳು ಮೊದಲೇ ಪಹಣಿ, ಇ-ಸ್ವತ್ತು, ಋಣಭಾರ ಪತ್ರ ತರಿಸಿ ಚಾರ್ಟರ್ಡ್ ಅಕೌಂಟೆಂಟ್ ಮತ್ತು ವಕೀಲರನ್ನು ಒಟ್ಟಿಗೆ ಕೂರಿಸಿ. ಯಾವ ಕಲಂ ಕೂಡ ಖಾಲಿ ಬಿಡಬೇಡಿ. ಅನ್ವಯಿಸದಿದ್ದರೆ 'ಇಲ್ಲ' ಎಂದೇ ಬರೆಯಿರಿ. ಖಾಲಿ ಬಿಟ್ಟದ್ದನ್ನು ತುಂಬಿ ಎಂದು ನೋಟಿಸ್ ಕೊಟ್ಟ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಗೆದ್ದ ಮೇಲೂ ಅಪಾಯ ತಪ್ಪುವುದಿಲ್ಲ. ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹೋಗಬಹುದು. ಹಾಸನ ಲೋಕಸಭಾ ಕ್ಷೇತ್ರದ 2019ರ ಆಯ್ಕೆಯನ್ನು ಹೈಕೋರ್ಟ್ 2023ರಲ್ಲಿ ಅಸಿಂಧು ಎಂದದ್ದು ಆಸ್ತಿ ವಿವರದ ತಕರಾರಿನ ಮೇಲೆಯೇ. ಆಮೇಲೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಅಷ್ಟರಲ್ಲಿ ಅವಧಿಯೇ ಮುಗಿಯುತ್ತ ಬಂದಿತ್ತು.

ಇನ್ನೊಂದು ಬಲೆ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ. ಸರ್ಕಾರಕ್ಕೆ ಸರಕು ಒದಗಿಸುವ ಇಲ್ಲವೇ ಸರ್ಕಾರಿ ಕಾಮಗಾರಿ ಮಾಡುವ ಗುತ್ತಿಗೆ ನಿಮ್ಮ ವ್ಯವಹಾರವಾಗಿ ಚಾಲ್ತಿಯಲ್ಲಿದ್ದರೆ ಅನರ್ಹತೆ. ಅಪ್ಪ ಶಾಸಕರಾಗಿದ್ದಾಗ ಮಗನ ಹೆಸರಲ್ಲಿ ಕ್ಲಾಸ್ ಒನ್ ಗುತ್ತಿಗೆದಾರರ ಲೈಸೆನ್ಸ್ ಮಾಡಿಸಿದ ಮನೆಗಳು ಎಷ್ಟೋ ಇವೆ. ಕಾಮಗಾರಿ ನಿಮ್ಮ ಕಡೆಯಿಂದ ಪೂರ್ತಿ ಮುಗಿದಿದ್ದರೆ ಬಿಲ್ ಬಾಕಿ ಇದ್ದರೂ ತೊಂದರೆ ಇಲ್ಲ. ಅರ್ಧ ಮುಗಿದಿದ್ದರೆ ತೊಂದರೆ. ಮುಕ್ತಾಯ ಪ್ರಮಾಣಪತ್ರ ಕೈಗೆ ಬರುವವರೆಗೆ ನಾಮಪತ್ರದ ಬಗ್ಗೆ ಯೋಚಿಸಬೇಡಿ.

ಖರ್ಚಿನ ಮಿತಿ ₹40 ಲಕ್ಷ. ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಚುನಾವಣೆ ಮುಗಿಯುವವರೆಗೆ ಒಬ್ಬರಿಗೆ ₹10,000ಕ್ಕಿಂತ ಹೆಚ್ಚು ನಗದು ಕೊಡುವ ಹಾಗಿಲ್ಲ. ಲೆಕ್ಕದ ಪುಸ್ತಕದ ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಮೂರು ಸಲ ತೋರಿಸಬೇಕು. ಅಪ್ಪ ತಾರಾ ಪ್ರಚಾರಕರ ಪಟ್ಟಿಯಲ್ಲಿದ್ದರೆ ಅವರ ಓಡಾಟದ ಖರ್ಚು ಪಕ್ಷದ್ದು. ಆದರೆ ಅವರ ಜೊತೆ ನೀವು ಒಂದೇ ವೇದಿಕೆ ಹತ್ತಿದ ಕ್ಷಣ ಆ ಸಭೆಯ ಶಾಮಿಯಾನ, ಕುರ್ಚಿ, ಧ್ವನಿವರ್ಧಕ ನಿಮ್ಮ ಖಾತೆಗೆ ಬರುತ್ತದೆ. ಎಷ್ಟು ಸಭೆಯಲ್ಲಿ ಅಪ್ಪ ಮಗ ಒಟ್ಟಿಗೆ ನಿಲ್ಲಬೇಕು ಎಂಬುದನ್ನು ಭಾವನೆಗೆ ಬಿಡಬೇಡಿ, ಲೆಕ್ಕ ಹಾಕಿ. ಫಲಿತಾಂಶ ಬಂದ 30 ದಿನದೊಳಗೆ ಅಂತಿಮ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿಗೆ ಸಲ್ಲಿಸದಿದ್ದರೆ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಗೆದ್ದ ಸಂಭ್ರಮದಲ್ಲಿ ಮೊದಲು ಮರೆತುಹೋಗುವುದು ಇದೇ.

ಎಣಿಕೆಯ ದಿನ ಮನೆಯ ಹಿತೈಷಿಗಳನ್ನು ಏಜೆಂಟರಾಗಿ ಕಳಿಸುವ ಬದಲು ಕೂಡುವ ಕಳೆಯುವ ಲೆಕ್ಕ ಬರುವವರನ್ನು ಕಳಿಸಿ. ಪ್ರತಿಯೊಬ್ಬರ ಕೈಯಲ್ಲೂ ತಮ್ಮ ಮೇಜಿಗೆ ಬರುವ ಬೂತ್‌ಗಳ 17ಸಿ, ಅಂದರೆ ಮತದಾನದ ದಿನ ಬಿದ್ದ ಮತಗಳ ಲೆಕ್ಕದ ಪ್ರತಿ ಇರಲಿ. ಅಂಚೆ ಮತದ ಮೇಜಿಗೆ ಒಬ್ಬ ವಕೀಲರನ್ನೇ ಕೂರಿಸಿ. ಮರುಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಣೆಗೆ ಮೊದಲೇ, ಕಾರಣ ಬರೆದು, ಲಿಖಿತವಾಗಿ ಕೇಳಬೇಕು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಬಿ. ರಾಚಯ್ಯನವರ ಮಗ ಎ.ಆರ್. ಕೃಷ್ಣಮೂರ್ತಿ 40,751 ಮತ ಪಡೆದರು, ಆರ್. ಧ್ರುವನಾರಾಯಣ 40,752. 2023ರಲ್ಲಿ ಜಯನಗರದಲ್ಲಿ ರಾಮಲಿಂಗಾರೆಡ್ಡಿಯವರ ಮಗಳು ಸೌಮ್ಯಾ ರೆಡ್ಡಿ ಸೋತದ್ದು 16 ಮತದಿಂದ. ಅದೇ ದಿನ ಗಾಂಧಿನಗರದಲ್ಲಿ ದಿನೇಶ್ ಗುಂಡೂರಾವ್ ಉಳಿದದ್ದು 105 ಮತದಿಂದ. ದೊಡ್ಡ ಮನೆಯ ಹೆಸರು ಈ ಅಂತರಗಳಲ್ಲಿ ಯಾವ ಸಹಾಯಕ್ಕೂ ಬರುವುದಿಲ್ಲ.

ಒಂದೇ ಬಾಗಿಲು

ಗೆದ್ದ ಮಾರನೇ ವಾರದಿಂದ ಶುರುವಾಗುವ ರೋಗ ಇದು. ಅಹವಾಲು ಹಿಡಿದು ಬಂದವರಿಗೆ ಮಗಳು "ಆಗಲ್ಲ" ಎಂದರೆ ಅವರು ಹಿತ್ತಲ ಕಡೆಯಿಂದ ಯಜಮಾನರ, ಅಂದರೆ ಅಪ್ಪನ ಕೋಣೆಗೆ ಹೋಗುತ್ತಾರೆ. ಯಜಮಾನರು ತಹಶೀಲ್ದಾರರಿಗೆ ಫೋನ್ ಮಾಡುತ್ತಾರೆ. ಆರು ತಿಂಗಳಲ್ಲಿ ಅಧಿಕಾರಿಗಳೆಲ್ಲ ಹಳೆಯ ಶಾಸಕರನ್ನೇ ಕೇಳಿ ಕೆಲಸ ಮಾಡುವ ಅಭ್ಯಾಸಕ್ಕೆ ಬೀಳುತ್ತಾರೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ. ಮೊದಲ ದಿನವೇ ಮನೆಯಿಂದ ಕಚೇರಿಯನ್ನು ಬೇರೆ ಮಾಡಿ. ತಾಲ್ಲೂಕು ಕೇಂದ್ರದಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ಹತ್ತಿರ ಎರಡು ಕೋಣೆ ಸಾಕು. ಅಪ್ಪನ ಬಳಿಗೆ ಹೋದ ಅಹವಾಲೂ ಅದೇ ಕಚೇರಿಯ ವಹಿಗೆ ಬರಬೇಕು, ಅದೇ ಸಂಖ್ಯೆ ಪಡೆಯಬೇಕು. ಅಪ್ಪನಿಗೆ ಇದನ್ನು ಹೇಳುವುದು ಯಾರು ಎಂಬ ಪ್ರಶ್ನೆಗೆ ಹೆಚ್ಚಿನ ಮನೆಗಳಲ್ಲಿ ಉತ್ತರ ಅಮ್ಮ.

ಅಹವಾಲಿನ ವಹಿಯಲ್ಲಿ ಕ್ರಮಸಂಖ್ಯೆ, ದಿನಾಂಕ, ಹೆಸರು, ಊರು, ಇಲಾಖೆ, ಕಳಿಸಿದ ದಿನ, ಬಂದ ಉತ್ತರ, ಇಷ್ಟು ಕಲಂ ಸಾಕು. ಪೋಡಿ, ಪಿಂಚಣಿ, ಪಡಿತರ ಚೀಟಿ, ಜಾತಿ ಪ್ರಮಾಣಪತ್ರದಂಥವಕ್ಕೆ ಫೋನ್ ಎತ್ತುವ ಮೊದಲು ಸಕಾಲದ, ಅಂದರೆ ಗೊತ್ತಾದ ಅವಧಿಯೊಳಗೆ ಸರ್ಕಾರಿ ಸೇವೆ ಕೊಡುವ ವ್ಯವಸ್ಥೆಯ, ಜಿಎಸ್‌ಸಿ ಸಂಖ್ಯೆ ಕೇಳಿ, 15 ಅಂಕಿಯದ್ದು. ಆ ಸಂಖ್ಯೆ ಇಲ್ಲ ಎಂದರೆ ಅರ್ಜಿಯೇ ದಾಖಲಾಗಿಲ್ಲ ಎಂದರ್ಥ. ಎಷ್ಟೋ ಸಲ ಅದು ದಲ್ಲಾಳಿಯ ಜೇಬಿನಲ್ಲೇ ಇರುತ್ತದೆ. ಸಂಖ್ಯೆ ಇದ್ದು ಅವಧಿ ಮೀರಿದ್ದರೆ ಮೇಲ್ಮನವಿ ಹಾಕಿಸಿ. ಶಾಸಕರ ಫೋನಿಗಿಂತ ಅದು ಬೇಗ ಕೆಲಸ ಮಾಡುವುದನ್ನು ಕಂಡು ನಿಮ್ಮ ಸುತ್ತ ಇರುವ ಕೆಲವರಿಗೆ ಬೇಸರವಾಗುತ್ತದೆ, ಆಗಲಿ.

ಲೆಟರ್‌ಹೆಡ್ ಕಪಾಟಿನೊಳಗೆ ಬೀಗ ಹಾಕಿ ಇಡಬೇಕಾದ ವಸ್ತು. ಪ್ರತಿ ಹಾಳೆಗೂ ಸಂಖ್ಯೆ ಮುದ್ರಿಸಿ, ಕೊಟ್ಟ ಪ್ರತಿಯೊಂದರ ನಕಲು ಇಟ್ಟುಕೊಳ್ಳಿ. ಅಪ್ಪನ ಹಳೆಯ ಲೆಟರ್‌ಹೆಡ್ ಉಳಿದಿದ್ದರೆ ಸುಟ್ಟುಬಿಡಿ. ವರ್ಗಾವಣೆಯ ಪತ್ರಗಳನ್ನು ಎಷ್ಟು ಕಡಿಮೆ ಮಾಡಿದರೆ ಅಷ್ಟು ಒಳ್ಳೆಯದು. ಶಿಕ್ಷಕರ ವರ್ಗಾವಣೆ ಈಗ ಕಾಯ್ದೆಯಡಿ ಕೌನ್ಸೆಲಿಂಗ್‌ನಲ್ಲಿ ನಡೆಯುವುದರಿಂದ ಅಲ್ಲಿ ಪತ್ರಕ್ಕೆ ಕಿಮ್ಮತ್ತಿಲ್ಲ, ಸುಮ್ಮನೆ ಆಸೆ ಹುಟ್ಟಿಸಿದಂತಾಗುತ್ತದೆ.

ಅಪ್ಪನ ಕಾಲದ ಜನರಲ್ಲಿ ಬೂತ್ ಮಟ್ಟದಲ್ಲಿ ದುಡಿದವರು ಯಾರು ಎಂದು ಫಾರಂ 20ರ ಹಾಳೆ ಹಿಡಿದು ನೋಡಿ. ಯಾರ ಬೂತ್ ಮೂರು ಸಲವೂ ಉಳಿದಿದೆಯೋ ಅವರನ್ನು ಉಳಿಸಿಕೊಳ್ಳಿ, ಅವರು ಹೆಚ್ಚಾಗಿ ಮನೆಗೆ ಬರುವವರಲ್ಲ. ದಿನಾ ಬರುವವರ ಬೂತ್ ಯಾವುದು ಎಂದು ಹುಡುಕಿದರೆ ಆಶ್ಚರ್ಯ ಕಾದಿರುತ್ತದೆ.

ತಾಲ್ಲೂಕಿನಲ್ಲಿ ಕೈಗೆ ಬರುವ ಅಧಿಕಾರ

ತಾಲ್ಲೂಕಿನ ಇಲಾಖೆಗಳ ಪ್ರಗತಿ ಪರಿಶೀಲಿಸುವ ತ್ರೈಮಾಸಿಕ ಕೆಡಿಪಿ ಸಭೆಗೆ ಶಾಸಕರೇ ಅಧ್ಯಕ್ಷರು. ಹೊಸಬರು ಸಭೆಗೆ ಹೋಗಿ ಅಧಿಕಾರಿಗಳ ಮೇಲೆ ರೇಗಿ ವಿಡಿಯೊ ಮಾಡಿಸಿಕೊಂಡು ಬರುತ್ತಾರೆ. ಕೆಲಸ ಆಗುವುದು ಸಭೆಗೆ ಒಂದು ವಾರ ಮೊದಲು ಹಿಂದಿನ ಸಭೆಯ ತೀರ್ಮಾನಗಳು ಏನಾದವು ಎಂಬ ಅನುಪಾಲನಾ ವರದಿ ತರಿಸಿಕೊಂಡು ಓದಿದಾಗ. ಹಿಂದಿನ ಸಭೆಯಲ್ಲಿ "ಕ್ರಮ ಕೈಗೊಳ್ಳಲಾಗುವುದು" ಎಂದದ್ದು ಈ ಸಲವೂ ಅದೇ ವಾಕ್ಯವಾಗಿ ಬಂದಿದೆಯೇ ನೋಡಿ, ಆ ಸಾಲುಗಳನ್ನಷ್ಟೇ ಸಭೆಯಲ್ಲಿ ಎತ್ತಿ.

ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮ ಮಾಡುವ ಬಗರ್ ಹುಕುಂ ಸಮಿತಿ ಮನೆತನದವರ ಪಾಲಿಗೆ ಅತಿ ಸೂಕ್ಷ್ಮ ಜಾಗ. ಫಾರಂ 50, 53, 57 ಎಂದು ಮೂರು ಕಾಲದ ಅರ್ಜಿಗಳು ಬಾಕಿ ಇರುತ್ತವೆ. ಅವುಗಳಲ್ಲಿ ಕೆಲವನ್ನು ಅಪ್ಪನೇ ಅಧ್ಯಕ್ಷರಾಗಿ ಬಾಕಿ ಇಟ್ಟಿರುತ್ತಾರೆ. 57ರಲ್ಲಿ ಸಾಗುವಳಿ 2005ರ ಜನವರಿ 1ಕ್ಕೆ ಮೊದಲಿನದು ಎಂದು ತೋರಬೇಕು, ಮೊದಲೇ ಇರುವ ಜಮೀನೂ ಸೇರಿ 4 ಎಕರೆ 38 ಗುಂಟೆಯ ಮಿತಿ ಇದೆ. ಅಂದಿಗೆ ಪ್ರಾಯಕ್ಕೆ ಬಾರದಿದ್ದವರ ಹೆಸರಲ್ಲಿ, ಒಂದೇ ಮನೆಯ ನಾಲ್ವರ ಹೆಸರಲ್ಲಿ, ಕೆರೆ ಅಂಗಳ ಮತ್ತು ಗೋಮಾಳದ ಮೇಲೆ ಹಾಕಿದ ಅರ್ಜಿಗಳನ್ನು ಮೊದಲ ಸುತ್ತಿನಲ್ಲೇ ಬೇರೆ ಮಾಡಿಸಿ. ಉಪಗ್ರಹ ಚಿತ್ರ ನೋಡುವ ವ್ಯವಸ್ಥೆ ಈಗ ಇದೆ, ಅಂದು ಸಾಗುವಳಿ ಇತ್ತೇ ಇಲ್ಲವೇ ಎಂಬುದನ್ನು ಮಾತಿಗಿಂತ ಚಿತ್ರ ಹೇಳುತ್ತದೆ. ನಿಮ್ಮ ಸಂಬಂಧಿಕರ ಅರ್ಜಿ ಬಂದ ದಿನ ಆ ಕಡತದ ಚರ್ಚೆಯಿಂದ ಹೊರಗೆ ಕೂತು, ಹಾಗೆ ಕೂತದ್ದನ್ನು ನಡಾವಳಿಯಲ್ಲಿ ಬರೆಸಿ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ ₹2 ಕೋಟಿ. ಶಾಸಕರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಅಪ್ಪನ ಕಾಲದ ಪದ್ಧತಿಯಂತೆ ಎಲ್ಲರನ್ನೂ ಸಂತೋಷಪಡಿಸಲು ₹5 ಲಕ್ಷದಂತೆ ಹಂಚಿದರೆ 40 ಕಡೆ ಗುದ್ದಲಿ ಪೂಜೆ ಆಗುತ್ತದೆ, 40 ಕಡೆ ಕಂಬ ಏಳುತ್ತದೆ, ಛಾವಣಿ ಏಳುವುದಿಲ್ಲ. ಕ್ಷೇತ್ರ ಸುತ್ತಿದರೆ ಇಂಥ ಬೋಳು ಸಮುದಾಯ ಭವನಗಳ ಮೇಲೆ ಕೆತ್ತಿದ ಹೆಸರುಗಳೇ ಕಾಣುತ್ತವೆ. ಮೊದಲ ವರ್ಷದ ಹಣದಲ್ಲಿ ಒಂದು ದೊಡ್ಡ ಪಾಲನ್ನು ಅಪ್ಪನ ಕಾಲದ ಅರೆಬರೆ ಕಟ್ಟಡ ಮುಗಿಸಲು ಇಡಿ. ಹೊಸದಕ್ಕೆ ಶಿಫಾರಸು ಮಾಡುವ ಮೊದಲು ಎರಡು ಕಾಗದ ಕೇಳಿ: ನಿವೇಶನ ಪಂಚಾಯಿತಿ ಅಥವಾ ಇಲಾಖೆಯ ಹೆಸರಿನಲ್ಲಿದೆ ಎಂಬ ದಾಖಲೆ, ಎಂಜಿನಿಯರ್ ಸಹಿ ಹಾಕಿದ ಅಂದಾಜು ಪಟ್ಟಿ. ನಿವೇಶನದ ತಕರಾರಿಗೆ ಸಿಕ್ಕ ಹಣ ವರ್ಷಗಟ್ಟಲೆ ಜಿಲ್ಲಾಧಿಕಾರಿ ಖಾತೆಯಲ್ಲೇ ಕೊಳೆಯುತ್ತದೆ.

ಸದನದಲ್ಲಿ

ಪ್ರಮಾಣವಚನಕ್ಕೆ ಆಯ್ಕೆಯ ಪ್ರಮಾಣಪತ್ರ, ಅಂದರೆ ಫಾರಂ 22, ಒಯ್ಯಿರಿ. ದೇವರ ಹೆಸರಿನಲ್ಲಿ ಅಥವಾ ದೃಢೀಕರಿಸಿ ಎಂದು ಮಾತ್ರ ಓದಿ. ಅಪ್ಪನ ಹೆಸರಲ್ಲಿ, ಊರ ದೇವರ ಹೆಸರಲ್ಲಿ ಎಂದು ಸೇರಿಸುವ ಆಸೆ ಬೇಡ, ಪಠ್ಯ ಸಂವಿಧಾನದ ಮೂರನೇ ಅನುಸೂಚಿಯದ್ದು.

ಪ್ರಶ್ನೆ ಬರೆಯುವುದು ಕಲಿಯಬೇಕಾದ ಕಸುಬು. "ತಾಲ್ಲೂಕಿನಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದು ಕೇಳಿದರೆ "ಬಂದಿದೆ" ಎಂಬ ಒಂದೇ ಪದದ ಉತ್ತರ ಬರುತ್ತದೆ. ಅದನ್ನು ಒಡೆಯಿರಿ: (ಅ) ಇಂಥ ತಾಲ್ಲೂಕಿನಲ್ಲಿ ಕಳೆದ ಮೂರು ವರ್ಷಗಳಲ್ಲಿ ಮಂಜೂರಾದ ಶುದ್ಧ ಕುಡಿಯುವ ನೀರಿನ ಘಟಕಗಳೆಷ್ಟು, ಗ್ರಾಮವಾರು, (ಆ) ಅವುಗಳಲ್ಲಿ ಇಂದು ಕೆಲಸ ಮಾಡುತ್ತಿರುವುದೆಷ್ಟು, (ಇ) ಕೆಟ್ಟವುಗಳ ನಿರ್ವಹಣೆ ಯಾವ ಸಂಸ್ಥೆಯದ್ದು, ಈವರೆಗೆ ಕೊಟ್ಟ ಹಣ ಎಷ್ಟು. ಸಂಖ್ಯೆ, ಅವಧಿ, ಜಾಗ ಈ ಮೂರೂ ಇದ್ದ ಪ್ರಶ್ನೆಗೆ ನುಣುಚಿಕೊಳ್ಳುವುದು ಕಷ್ಟ. ಚುಕ್ಕೆ ಗುರುತಿನದ್ದಾದರೆ ಸದನದಲ್ಲಿ ಉಪಪ್ರಶ್ನೆಗೆ ಅವಕಾಶ, ಚುಕ್ಕೆ ಇಲ್ಲದ್ದಕ್ಕೆ ಲಿಖಿತ ಉತ್ತರ. ಹೊಸಬರಿಗೆ ಎರಡನೆಯದೇ ಹೆಚ್ಚು ಉಪಯೋಗ. ಬಂದ ಕೋಷ್ಟಕವನ್ನು ಹಿಡಿದು ಊರೂರಿಗೆ ಹೋಗಿ ಹೊಂದಿಸಿ ನೋಡಿದರೆ ಮುಂದಿನ ಅಧಿವೇಶನದ ಪ್ರಶ್ನೆ ತಾನಾಗಿ ಸಿಗುತ್ತದೆ. ಆಡಳಿತ ಪಕ್ಷದ ಶಾಸಕರಾದರೂ ಇದನ್ನು ಬಿಡಬೇಡಿ. ಸಚಿವರಿಗೆ ಮುಜುಗರ ಆಗದಂತೆ ಅಂಕಿ ಅಂಶ ಹೊರತೆಗೆಯುವ ದಾರಿ ಇದು.

ವಿಧಾನಸೌಧದ ಗ್ರಂಥಾಲಯಕ್ಕೆ ಹೋಗಿ ಅಪ್ಪನ ಹೆಸರಿನ ನಡಾವಳಿ ತೆಗೆಸಿ ಓದಿ. ಅವರು ಸದನದಲ್ಲಿ ಏನು ಕೇಳಿದ್ದರು, ಅಂದಿನ ಸಚಿವರು ಏನು ಭರವಸೆ ಕೊಟ್ಟಿದ್ದರು ಎಂಬುದು ಅಕ್ಷರಶಃ ಅಲ್ಲಿದೆ. ಮನೆಯಲ್ಲಿ ಹೇಳುವ ಕಥೆಗೂ ನಡಾವಳಿಗೂ ಅಂತರ ಇದ್ದೇ ಇರುತ್ತದೆ. ಈಡೇರದೆ ಉಳಿದ ಭರವಸೆಗಳಿದ್ದರೆ ಭರವಸೆಗಳ ಸಮಿತಿಯ ಕಚೇರಿಯಲ್ಲಿ ವಿಚಾರಿಸಿ. ಮೊದಲ ಅವಧಿಯಲ್ಲಿ ನಿಗಮ ಮಂಡಳಿಗೆ ಓಡಾಡುವುದಕ್ಕಿಂತ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೋ ಅಂದಾಜು ಸಮಿತಿಯೋ ಸಿಕ್ಕರೆ ಹಿಡಿದುಕೊಳ್ಳಿ. ಮಹಾಲೇಖಪಾಲರ ವರದಿ ಓದಲು ಬಂದರೆ ಇಲಾಖೆಗಳ ಒಳಗುಟ್ಟು ತಿಳಿಯುತ್ತದೆ.

ಸಚಿವ ಸ್ಥಾನದ ಲೆಕ್ಕವನ್ನೂ ಮೊದಲೇ ಅರಿತಿರಿ. 224 ಸದಸ್ಯರ ಸದನದಲ್ಲಿ ಮುಖ್ಯಮಂತ್ರಿ ಸೇರಿ 34 ಮಂದಿಗಷ್ಟೇ ಜಾಗ. ಅದು ಸಿಗದ ಸಿಟ್ಟಿಗೆ ಪಕ್ಷ ಬಿಡುವವರು 2019ರ ಜುಲೈಯನ್ನು ನೆನಪಿಡಬೇಕು. ಆಗ ಸ್ಪೀಕರ್ 17 ಶಾಸಕರನ್ನು ಅನರ್ಹಗೊಳಿಸಿದರು. ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ನಿಲ್ಲಲು ಮಾತ್ರ ಬಿಟ್ಟಿತು. ಇನ್ನು ಮತ ಹಾಕಲು ಹಣ ಪಡೆದರೆ ಸದನದ ಹಕ್ಕುಬಾಧ್ಯತೆ ರಕ್ಷಿಸುತ್ತದೆ ಎಂಬ ಹಳೆಯ ನಂಬಿಕೆ 2024ರ ಮಾರ್ಚ್‌ನಲ್ಲಿ ಮುಗಿಯಿತು. ಜಾರ್ಖಂಡ್‌ನ ಶಿಬು ಸೊರೇನ್ ಪಕ್ಷದವರಿಗೆ ಆ ರಕ್ಷಣೆ ಕೊಟ್ಟಿದ್ದ 1998ರ ತೀರ್ಪನ್ನು ಏಳು ನ್ಯಾಯಮೂರ್ತಿಗಳು ರದ್ದು ಮಾಡಿದ್ದು ಅವರದೇ ಸೊಸೆ ಸೀತಾ ಸೊರೇನ್ ಅವರ ಪ್ರಕರಣದಲ್ಲಿ. ಮಾವನಿಗೆ ಸಿಕ್ಕಿದ್ದ ಆಸರೆ ಸೊಸೆಗೆ ಸಿಗಲಿಲ್ಲ.

ವರ್ಷದ ಕ್ಯಾಲೆಂಡರಿನಲ್ಲಿ ಜೂನ್ 30ಕ್ಕೆ ಕೆಂಪು ಗುರುತು ಹಾಕಿ. ಲೋಕಾಯುಕ್ತಕ್ಕೆ ತನ್ನ ಮತ್ತು ಕುಟುಂಬದ ಆಸ್ತಿ, ಸಾಲದ ವಿವರ ಕೊಡಲು ಅದು ಕೊನೆಯ ದಿನ. ಫಾರಂ 26ಕ್ಕಾಗಿ ಕಟ್ಟಿದ ಕಡತವನ್ನು ಪ್ರತಿ ವರ್ಷ ತಿದ್ದುತ್ತ ಬಂದರೆ ಎರಡು ಕಡೆಯ ಅಂಕಿಗಳು ಒಂದಕ್ಕೊಂದು ತಾಳೆಯಾಗುತ್ತವೆ. ತಾಳೆಯಾಗದಿದ್ದಾಗ ಎದುರಾಳಿಯ ವಕೀಲರಿಗೆ ಕೆಲಸ ಸಿಗುತ್ತದೆ.

ನಾಲ್ಕನೇ ವರ್ಷ

ಶಿಕಾರಿಪುರದಲ್ಲಿ 2018ರಲ್ಲಿ ಬಿ.ಎಸ್. ಯಡಿಯೂರಪ್ಪ ಗೆದ್ದ ಅಂತರ 35 ಸಾವಿರಕ್ಕೂ ಹೆಚ್ಚು, 2023ರಲ್ಲಿ ಮಗ ವಿಜಯೇಂದ್ರ ಗೆದ್ದದ್ದು 11,008ರಿಂದ. ಶಿಗ್ಗಾಂವಿಯಲ್ಲಿ ಮೂರನೇ ತಲೆಮಾರಿನ ಭರತ್ ಬೊಮ್ಮಾಯಿ 2024ರ ಉಪಚುನಾವಣೆಯಲ್ಲಿ ಸೋತರು. ಅಪ್ಪನ ಅಂತರವನ್ನು ತನ್ನದೆಂದು ಬರೆದುಕೊಂಡ ಲೆಕ್ಕ ಎಲ್ಲಿಯೂ ಹಾಗೇ ಉಳಿದಿಲ್ಲ. ನಾಲ್ಕನೇ ವರ್ಷ ಶುರುವಾದಾಗ ಹಳೆಯ ಎಕ್ಸೆಲ್ ಹಾಳೆಯನ್ನು ಮತ್ತೆ ತೆಗೆದು, ನಿಮ್ಮ ಚುನಾವಣೆಯ ಫಾರಂ 20ನ್ನು ಹೊಸ ಕಲಂ ಆಗಿ ಸೇರಿಸಿ. ಅಪ್ಪ ಮುಂದಿದ್ದು ನೀವು ಹಿಂದೆ ಬಿದ್ದ ಬೂತ್‌ಗಳನ್ನು, ಅಪ್ಪ ಎಂದೂ ಗೆಲ್ಲದೆ ನಿಮಗೆ ನೂರಿನ್ನೂರು ಮತ ಹೆಚ್ಚು ಬಿದ್ದ ಬೂತ್‌ಗಳನ್ನು ಬೇರೆ ಬೇರೆ ಪಟ್ಟಿ ಮಾಡಿ. ಅಹವಾಲಿನ ವಹಿಯಿಂದ ಆ ಊರುಗಳ ಬಾಕಿ ಕೆಲಸ ಎತ್ತಿಕೊಳ್ಳಿ. ಎರಡನೇ ಪಟ್ಟಿಯ ಊರುಗಳಿಗೆ ಅಪ್ಪನನ್ನು ಕರೆದೊಯ್ಯದೆ, ಕಾರಿನಲ್ಲಿ ನೀವೂ ಸಹಾಯಕರೂ ಇಬ್ಬರೇ ಹೋಗಿ, ಶಾಲೆಯ ಜಗಲಿಯಲ್ಲಿ ಕೂತು ವಹಿ ಬಿಚ್ಚಿ.